ಹಲಗೆಯ ಮೇಲೆ ಉಳಿದ ನಕ್ಷತ್ರ

ತಾಂಡೂರಿನ ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಸರ್, ಇಂಗ್ಲಿಷಿನ ‘ಲೋಫ್’, ಜರ್ಮನ್ನಿನ ‘ಲೈಬ್’ ಎಂಬ ರೊಟ್ಟಿಯ ಹೆಸರುಗಳನ್ನು ಹಲಗೆಯ ಮೇಲೆ ಬರೆದು, ಅವುಗಳ ತಾಯಿಪದ ‘ಹ್ಲೈಬಜ್’ ಎನ್ನುತ್ತಿದ್ದರು. ಅದು ಎಲ್ಲೂ ಬರೆದಿಟ್ಟ ಪದವಲ್ಲ, ಅದರ ಮಕ್ಕಳಾದ ಈ ಪದಗಳ ದನಿ ಕೂಡಿಸಿ ಊಹಿಸಿದ್ದು. ಅದಕ್ಕೇ ಆ ಪದದ ಮುಂದೆ ಊಹೆಯ ಗುರುತಾಗಿ ಒಂದು ನಕ್ಷತ್ರ. “ಯಾರೂ ಕೇಳಿಲ್ಲ, ಆದ್ರ ಇತ್ತು ನೋಡ್ರಿ,” ಎನ್ನುತ್ತ ಹಲಗೆ ಒರೆಸುವಾಗ ನಕ್ಷತ್ರವನ್ನು ಹಾಗೇ ಬಿಡುತ್ತಿದ್ದರು.

ಸರ್ ಅವರ ತಾಯಿ ಅವರನ್ನು ಹೆತ್ತಾಗಲೇ ತೀರಿಕೊಂಡಿದ್ದರು; ಆ ದನಿಯನ್ನು ಸರ್ ಕೇಳಿಯೇ ಇರಲಿಲ್ಲ. ಒಮ್ಮೆ ಅವರ ಜೊತೆ ನಾರಾಯಣಖೇಡಕ್ಕೆ, ಆ ತಾಯಿಯ ಅಕ್ಕತಂಗಿಯರ ಮನೆಗೆ ಹೋಗಿದ್ದೆ. ಒಲೆಯ ಮುಂದಿನಿಂದ ದೊಡ್ಡವ್ವ, “ಬಾರೋ ನನ್ನಪ್ಪಾ, ರೊಟ್ಟಿ ಆರ್ಲತ್ತಾವ,” ಎಂದು ಕರೆದರು. ಅಂಗಳದಿಂದ ಸಣ್ಣವ್ವನೂ ಅದನ್ನೇ, ಅದೇ ರಾಗದಲ್ಲಿ ಎಳೆದರು. ಸರ್ ಕಣ್ಣು ಮುಚ್ಚಿದರು.

“ಇಬ್ರೂ ಕೂಡಿ ಇನ್ನೊಮ್ಮೆ ಕರೀರಿ.”

ಇಬ್ಬರೂ ಕೂಡಿ ಕರೆದರು.

“ಬಂದೆ, ಯವ್ವಾ,” ಎಂದು ಸರ್ ಎದ್ದರು.