ಮಣ್ಣು ಹಿಡಿದದ್ದೋ, ಮಣ್ಣು ತಿಂದದ್ದೋ

ನಾನು ದಣಿದವಳು. ದೂರುತ್ತಿಲ್ಲ, ಹೆಸರು, ಊರು ಹೇಳುವಂತೆ ಇದನ್ನೂ ಪರಿಚಯಕ್ಕೆ ಹೇಳುತ್ತಿದ್ದೇನೆ. ವಿಜಯಪುರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಜಲನಗರದಲ್ಲಿ ಮನೆ. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಸ್ಕೂಟಿ ಏರಿ, ಪಾಠ ಮುಗಿಸಿ, ಉಳಿದ ಹೊತ್ತಿನಲ್ಲಿ ಜೀವದ ಮೂಲ ಹುಡುಕುತ್ತೇನೆ. ಐವತ್ತರ ಹತ್ತಿರ ಬಂದು ಪಿಎಚ್.ಡಿ.ಗೆ ಕೂತವಳಿಗೆ ಸ್ಕೂಟಿಯ ಕೀಲಿ ಹುಡುಕುವುದೇ ದೊಡ್ಡ ಸಂಶೋಧನೆ, ಆ ಮಾತು ಬೇರೆ.

ನನ್ನ ವಿಷಯ ಕೇಳಿದರೆ ನೆರೆಯವರು ಕನಿಕರಪಡುತ್ತಾರೆ. ಭೂಮಿಯ ಮೇಲೆ ಇನ್ನೂ ಏನೂ ಹುಟ್ಟಿರದ ಕಾಲ. ನೀರಿತ್ತು, ಕಲ್ಲಿತ್ತು. ಆ ನೀರಿನಲ್ಲಿ ಅಡೆನಿನ್‌ನಂಥ ಸಣ್ಣ ಅಣುಗಳು ಎಲ್ಲೋ ಒಂದೊಂದು ತೇಲುತ್ತಿದ್ದವಂತೆ. ಇಂದು ನಮ್ಮ ವಂಶದ ಬರಹಕ್ಕೆ ಅಕ್ಷರಗಳಾಗಿರುವುದು ಅವೇ. ಆದರೆ ಅಷ್ಟೊಂದು ನೀರಿನಲ್ಲಿ ಅವು ಒಂದಕ್ಕೊಂದು ಸಿಗುವುದು ಹೇಗೆ? ಜೇಡಿಮಣ್ಣಿನ ತೆಳು ಪದರಗಳು ಅವನ್ನು ಮೈಗೆ ಅಂಟಿಸಿಕೊಂಡು ಹತ್ತಿರ ತಂದಿರಬಹುದು ಎಂಬುದು ಒಂದು ಊಹೆ. ಹೀಗೆ ಮೇಲ್ಮೈಗೆ ಅಂಟಿಸಿಕೊಳ್ಳುವುದಕ್ಕೆ ಪುಸ್ತಕದಲ್ಲಿ ‘ಅಧಿಶೋಷಣೆ’ ಎಂಬ ಹೆಸರಿದೆ. ಆ ಪದ ಕೇಳಿದ ಕೂಡಲೇ ನನ್ನ ವಿದ್ಯಾರ್ಥಿನಿಯರು ನಗುತ್ತಾರೆ, ಮದುವೆಯಾದವರು ನಗುವುದಿಲ್ಲ.

ಅಂಥ ಜೇಡಿ ನಮ್ಮ ಎರೆಮಣ್ಣಿನಲ್ಲೇ ಧಾರಾಳವಾಗಿದೆ. ಅದಕ್ಕೆ ಸಾರವಾಡಕ್ಕೆ ಹೋದೆ. ಅಲ್ಲಿ ನನ್ನ ಯಜಮಾನರ ಅಣ್ಣನ ಹೆಂಡತಿ ಕಸ್ತೂರಕ್ಕನ ಹೊಲವಿದೆ.

“ಎಷ್ಟ ಬೇಕಾದ್ರೂ ಒಯ್ಯಿ. ಒಯ್ದು ಏನ್ ಮಾಡ್ತಿ ಬೇ?” ಎಂದಳು.

“ಜೀವ ಹೆಂಗ ಹುಟ್ಟಿತು ಅಂತ ನೋಡ್ತೀನಕ್ಕಾ.”

“ಮೂರು ಹಡದೇನಿ. ನನ್ನ ಕೇಳಬಾರದ?”

ಕೇಳದೆ ಮಣ್ಣನ್ನೇ ತಂದೆ. ಒಣಗಿಸಿ, ಸೋಸಿ, ಅಡೆನಿನ್ ಕರಗಿಸಿದ ನೀರಿಗೆ ಹಾಕಿ, ಇಡೀ ರಾತ್ರಿ ಅಲ್ಲಾಡಿಸುವ ಯಂತ್ರಕ್ಕೆ ಒಪ್ಪಿಸಿ ಮನೆಗೆ ಬರುತ್ತಿದ್ದೆ. ಮರುದಿನ ನೀರಿನಲ್ಲಿ ಎಷ್ಟು ಉಳಿದಿದೆ ಎಂದು ಅಳೆದರೆ ಬಹುಪಾಲು ಮಾಯ! ನಮ್ಮೂರ ಮಣ್ಣಿನ ಹಿಡಿತಕ್ಕೆ ನಾನೇ ಬೆರಗಾದೆ. ತಿಂಗಳುಗಟ್ಟಲೆ ಅಳೆದೆ, ಹಿಗ್ಗಿದೆ, ಸ್ಟಾಫ್ ರೂಮಿನಲ್ಲಿ ಪೇಢೆ ಹಂಚಿದೆ.

ನನ್ನ ಮಾರ್ಗದರ್ಶಕರು ನನಗಿಂತ ಚಿಕ್ಕವರು, ಮೆತ್ತಗೆ ಮಾತಾಡುವವರು. ಮೆತ್ತಗೇ ಕೇಳಿದರು: “ಮೇಡಂ, ಮಣ್ಣs ಹಿಡಕೊಂಡೈತಿ ಅಂತ ಹೆಂಗ ಹೇಳ್ತೀರಿ? ಮಣ್ಣಾಗಿನ ಜೀವಾಣು ತಿಂದಿದ್ರ?”

ಹೌದಲ್ಲ! ಹಿಡಿ ಎರೆಮಣ್ಣೆಂದರೆ ಕೊಳೆತ ಬೇರು, ಕಾಣದ ಕೋಟಿ ಜೀವಾಣುಗಳು. ಒಣಗಿಸಿದರೆ ಅವೆಲ್ಲ ಎಲ್ಲಿ ಸಾಯುತ್ತವೆ? ಜೀವ ಹುಟ್ಟುವ ಮೊದಲಿನ ಜಗತ್ತನ್ನು ಬಾಟಲಿಯಲ್ಲಿ ಕಟ್ಟಲು ಹೊರಟವಳು, ಜೀವಕ್ಕೇ ಪುಕ್ಕಟೆ ಊಟ ಹಾಕುತ್ತ ಕೂತಿದ್ದೆ. ಅಷ್ಟೂ ಅಳತೆ ವ್ಯರ್ಥ. ಮನೆಗೆ ಬಂದು ಯಜಮಾನರಿಗೆ ಸಾಕೆಂದೆ. “ಸಾಕಂದ್ರ ಸಾಕು” ಎಂದರು ಅವರು. ಅಷ್ಟು ಬೇಗ ಒಪ್ಪಬಾರದಿತ್ತು.

ಆದರೂ ಹಾಕಿಟ್ಟ ಕೆಲಸ ಕೆಡಬಾರದೆಂದು ಒಂದು ಮಧ್ಯಾಹ್ನ ಮಣ್ಣಿಗೆ ಪೆರಾಕ್ಸೈಡ್ ಹಾಕಿ ಕಾಯಿಸುತ್ತಿದ್ದೆ. ಅದರೊಳಗಿನ ಜೀವದ ಕೊಳೆಯನ್ನೆಲ್ಲ ಅದು ಸುಟ್ಟು ತೆಗೆಯುತ್ತದೆ. ಅದೇ ಹೊತ್ತಿಗೆ ಕಸ್ತೂರಕ್ಕ ಪ್ರಯೋಗಾಲಯಕ್ಕೆ ಬಂದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಮರುದಿನ ಒಂದಕ್ಕೆ ಆಪರೇಷನ್. ಆಸ್ಪತ್ರೆಯಿಂದ ಎದ್ದು ಸೀದಾ ಆಟೋ ಹತ್ತಿದ್ದಳು.

“ನಾ ಒಲ್ಲೆ ಬೇ. ಕಣ್ಣಾಗ ಕತ್ತರಿ ಹಾಕ್ತಾರಂತ. ಸಾರವಾಡ ಬಸ್ ಹತ್ತಿಸಿಬಿಡು.”

“ಹಾದಿ ಕಾಣಂಗಿಲ್ಲ, ಮೊನ್ನೆ ಬಿದ್ದೀರಿ. ಹಿಂಗs ಇರ್ತೀರೇನು?”

“ಇರ್ತೀನಿ.” ಬೀಕರಿನತ್ತ ಮುಖ ಚಾಚಿ ಕಣ್ಣು ಕಿರಿದು ಮಾಡಿದಳು. ಕರಿ ಮಣ್ಣು ಬುಸುಬುಸು ನೊರೆ ಉಕ್ಕಿಸುತ್ತಿತ್ತು. “ಏನ ಸಪ್ಪಳ ಅದು? ನನ್ನ ಹೊಲದ ಮಣ್ಣೇನು? ಜೀವ ಹುಟ್ಟಿತೇನು?”

“ಇದ್ದ ಜೀವಾನ ತೆಗ್ಯಾಕತ್ತೇನಿ. ಇದs ಕಡೀದು. ನಾನೂ ಬಿಡಾಕತ್ತೇನಿ ಅಕ್ಕಾ. ದಣದೇನಿ.”

ಅವಳಿಗೆ ಸಿಟ್ಟು ಬಂತು. “ಹೊಲದಾಗಿನ ಮಣ್ಣ ತಂದು, ಕುದಿಸಿ, ಅರ್ಧಕ್ಕ ಬಿಡ್ತಿ? ಯಾರ್ ಕೇಳಿ ಬಿಡ್ತಿ?”

“ನೀವು ಕಣ್ಣ ಬಿಟ್ಟ ಬರಬಹುದು, ನಾ ಮಣ್ಣ ಬಿಡಬಾರದೇನು?”

ಅವಳು ಸ್ಟೂಲಿನ ಮೇಲೆ ಕೂತಳು. ನಾನೂ ಕೂತೆ. ಇಬ್ಬರಿಗೂ ಜಗಳ ಮುಂದುವರಿಸುವ ತ್ರಾಣವಿರಲಿಲ್ಲ. ಬೀಕರಿನ ನೊರೆ ಇಳಿಯಿತು. ಕೊನೆಗೆ ಅವಳೇ ನನ್ನ ಕೈ ಹಿಡಿದಳು.

“ನಾಳೆ ನೀ ಒಳಗ ಬರ್ತಿಯೇನು?”

“ಬಾಗಲದ ತನಕ ಬರ್ತೀನಿ. ಅಲ್ಲೇ ನಿಂತಿರ್ತೀನಿ.”

“ಹಂಗಾರ ನಡಿ.”

ಮರುದಿನ ನಿಂತಿದ್ದೆ. ಆಪರೇಷನ್ ಸುಸೂತ್ರವಾಯಿತು. ಅವಳು ಜಲನಗರದಲ್ಲಿ ನಮ್ಮ ಮನೆಯಲ್ಲೇ ಉಳಿದಳು. ಅವಳಿಗೆ ಬೈದು ಆಪರೇಷನ್ನಿಗೆ ಕಳಿಸಿದ ಮೇಲೆ ನಾನು ಬಿಡುವುದು ಚೆನ್ನಾಗಿರಲಿಲ್ಲ. ಪೆರಾಕ್ಸೈಡಿನಲ್ಲಿ ತೊಳೆದ ಮಣ್ಣಿನಿಂದ ಎಲ್ಲವನ್ನೂ ಮತ್ತೆ ಅಳೆದೆ. ಜೀವಾಣುಗಳ ಪಾಲು ಹೋದ ಮೇಲೆ ಜೇಡಿ ನಿಜವಾಗಿ ಹಿಡಿದದ್ದು ಕಡಿಮೆಯೇ. ನೀರು ತುಸು ಹುಳಿಯಾಗಿದ್ದರೆ ಹೆಚ್ಚು, ಸಪ್ಪಗಿದ್ದರೆ ಅತ್ಯಲ್ಪ. ಈ ಸಲ ಪೇಢೆ ಹಂಚಲಿಲ್ಲ. ಹಿಡಿದದ್ದು ಖರೆ ಎಂಬ ಸಮಾಧಾನ ಮಾತ್ರ ಮನೆಗೆ ತಂದೆ.

ಕಸ್ತೂರಕ್ಕ ಕರಿ ಕನ್ನಡಕ ತೆಗೆದು ನನ್ನನ್ನೇ ನೋಡುತ್ತ ಕೂತಿದ್ದಳು. ಹೊಸ ಕಣ್ಣಿಗೆ ಗೋಡೆಯ ಜೇಡರಬಲೆಯಿಂದ ಹಿಡಿದು ಎಲ್ಲ ಕಾಣತೊಡಗಿತ್ತು.

“ಕಮ್ಮಿ ಬಂತಕ್ಕಾ” ಎಂದೆ.

ಅವಳು ಅದನ್ನು ಕೇಳಿಸಿಕೊಳ್ಳಲಿಲ್ಲ. “ಯವ್ವಾ, ನೀ ಇಷ್ಟ್ ದಣದೀ ಅಂತ ನನಗ ಗೊತ್ತs ಇರ್ಲಿಲ್ಲ. ಕಣ್ಣಿನ ಬುಡಕ ನೋಡು, ಎಷ್ಟ್ ಕಪ್ಪಾಗೈತಿ! ಬಾ, ಮಲಕೋ.”

ಸಂಜೆಯ ಅಡುಗೆ, ತಿದ್ದಬೇಕಾದ ಉತ್ತರಪತ್ರಿಕೆಗಳ ಹೆಸರು ಹೇಳಿದೆ. ಅವಳು ಚಾಪೆ ಬಿಡಿಸಿದಳು. ಮಲಗಿದೆ. ಕಲ್ಲು ನೀರುಗಳಿಂದ ಮೊದಲ ಜೀವ ಎದ್ದು ಬರಲು ಎಷ್ಟೋ ಕೋಟಿ ವರ್ಷ ಹಿಡಿಯಿತು. ಅದಕ್ಕೆ ಯಾರೂ ಅವಸರ ಮಾಡಿರಲಿಲ್ಲ. ನಾನು ಏಳಲು ಒಂದು ತಾಸು ತಡವಾದರೆ ಏನಂತೆ ಎಂದುಕೊಳ್ಳುವಷ್ಟರಲ್ಲಿ ನಿದ್ದೆ ಹತ್ತಿತ್ತು.