ವಿಭೂತಿ ಹಚ್ಚಿದ ಕ್ಯಾಸೆಟ್ಟು

ಅಪ್ಪೂ, ಪುಟ್ಟೀ, ಹೋದ ಬೇಸಿಗೆ ರಜೆಯಲ್ಲಿ ನೀವಿಬ್ಬರೂ ನನ್ನ ಟ್ರಂಕು ತೆಗೆದು ಎರಡು ಡಬ್ಬಿ ಹೊರಗಿಟ್ಟಿರಿ. ಎರಡೂ ಒಂದೇ ಸಿನಿಮಾದ ವಿಡಿಯೋ ಕ್ಯಾಸೆಟ್ಟಿನ ಡಬ್ಬಿಗಳು. ಒಂದರ ಮೂಲೆಗಳು ಸವೆದಿವೆ, ಒಳಗಿನ ಕ್ಯಾಸೆಟ್ಟಿನ ಮೇಲೆ ವಿಭೂತಿಯ ಮೂರು ಗೆರೆಗಳಿವೆ. ಇನ್ನೊಂದಕ್ಕೆ ಸುತ್ತಿದ ಪ್ಲಾಸ್ಟಿಕ್ ಹಾಳೆಯೂ ಹರಿದಿಲ್ಲ. "ಅಜ್ಜೀ, ಇದನ್ಯಾಕ ತೆಗದೇ ಇಲ್ಲ?" ಎಂದು ಪುಟ್ಟಿ ಕೇಳಿದಳು. ಒಲೆಯ ಮೇಲೆ ಹಾಲು ಇಟ್ಟಿದ್ದೇನೆ ಎಂದು ನಾನು ಎದ್ದು ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ.

ನಾಲ್ಕು ಜನರ ಮುಂದೆ ಮಾತಾಡುವುದು ನನಗೆ ಮೊದಲಿನಿಂದಲೂ ಆಗದು. ನನ್ನ ತವರೂರು ಹಚ್ಚೊಳ್ಳಿಯ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಬಾಯಿಪಾಠ ಒಪ್ಪಿಸುವಾಗ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಮಾಸ್ತರು ಒಳ್ಳೆಯವರು, ಅದಕ್ಕೂ ಒಪ್ಪಿಕೊಂಡಿದ್ದರು. ಬರೆಯುವುದಾದರೆ ಎದುರಿಗೆ ಯಾರೂ ಇರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಅರವತ್ತರ ದಶಕದಲ್ಲಿ ಮದುವೆಯಾಗಿ ಕುರುಗೋಡಿಗೆ ಬಂದೆ. ನಿಮ್ಮ ಅಜ್ಜನಿಗೆ ಬಸ್ ನಿಲ್ಲುವ ಜಾಗದ ಹತ್ತಿರ ಗಡಿಯಾರ ರಿಪೇರಿಯ ಅಂಗಡಿ ಇತ್ತು. ಅಂಗಡಿ ಎಂದರೆ ಒಂದು ಮೇಜು, ಒಂದು ಗಾಜಿನ ಪೆಟ್ಟಿಗೆ, ಅವರು ಕೂರುವಷ್ಟು ಜಾಗ. ಗಿರಾಕಿ ಬೀದಿಯಲ್ಲೇ ನಿಲ್ಲಬೇಕು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆಂದರೆ ಊಟಕ್ಕೆ ಕರೆಯಲು ಹೋದ ನಾನೂ ಅವರಿಗೆ ಕಾಣುತ್ತಿರಲಿಲ್ಲ.

ನನ್ನ ಅತ್ತೆಯವರು ಕಲಿಸಿದ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರಿಂದಲೇ ಆದದ್ದು. ಆಯುಧಪೂಜೆಯ ದಿನ ವಿಭೂತಿಯನ್ನು ಹಿಡಿಕೆಗೆ ಹಚ್ಚಬಾರದು. "ಹಿಡಿಕಿ ಏನು ಕೆಲಸ ಮಾಡ್ತೈತಿ? ದುಡಿಯೋ ತುದೀಗೆ ಹಚ್ಚಬೇಕು" ಎನ್ನುತ್ತಿದ್ದರು. ಕುಡುಗೋಲಿಗೆ ಅಲಗು, ಸೂಜಿಗೆ ಮೊನೆ, ತಕ್ಕಡಿಗೆ ತಟ್ಟೆ. ಅಜ್ಜನ ಚಿಮಟ, ಸಣ್ಣ ಸಣ್ಣ ಸ್ಕ್ರೂಡ್ರೈವರುಗಳ ತುದಿಗೆಲ್ಲ ಒದ್ದೆ ವಿಭೂತಿ ಹಚ್ಚಿ ಸಾಲಾಗಿ ಇಡುತ್ತಿದ್ದೆ. ಮರುದಿನ ಅವರು ಗೊಣಗುತ್ತ ಒಂದೊಂದನ್ನೂ ಒರೆಸುತ್ತಿದ್ದರು.

ಎಪ್ಪತ್ತರ ದಶಕದ ಕೊನೆಗೆ ನಿಮ್ಮ ಅವ್ವ ಎಂಟೊಂಬತ್ತು ವರ್ಷದವಳಿದ್ದಾಗ ಬಳ್ಳಾರಿಗೆ ಆ ಸಿನಿಮಾ ಬಂತು. ಇಂಗ್ಲಿಷಿನದು. ನಮ್ಮ ಮೂವರಿಗೂ ಆ ಭಾಷೆ ಬರದು. ಬೋರ್ಡಿನ ಮೇಲೆ ಆಕಾಶದಿಂದ ಇಳಿದ ಯಂತ್ರದ ಚಿತ್ರ ನೋಡಿ ಅಜ್ಜ ನಿಂತುಬಿಟ್ಟರು. ಮಧ್ಯಾಹ್ನದ ಆಟಕ್ಕೆ ಹೋದೆವು.

ಕಥೆ ನಿಮಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ. ದೂರದ ಯಾವುದೋ ದೇಶದಲ್ಲಿ ಕುರಿ ಸಾಕುವ ಮನೆ. ಅವರ ಅಂಗಳದ ಬಾವಿಗೆ ಆಕಾಶದಿಂದ ಹಿತ್ತಾಳೆ ಕೊಡದಂಥ ನೌಕೆಯೊಂದು ಬೀಳುತ್ತದೆ. ಅದರಿಂದ ಸಣ್ಣ ಮಗುವಿನಷ್ಟು ಎತ್ತರದ ಮುದುಕಿಯೊಬ್ಬಳು ಹೊರಬರುತ್ತಾಳೆ. ಬೇರೆ ನಕ್ಷತ್ರದವಳು. ಮಾತಿಲ್ಲ. ಒಲೆಯ ಪಕ್ಕದ ಮೂಲೆಯೇ ಅವಳ ಜಾಗವಾಗುತ್ತದೆ. ಆ ಮನೆಯ ಯಜಮಾನ ಕುರಿ ಉಣ್ಣೆ ಕತ್ತರಿಸುವ ಕತ್ತರಿ, ಸುತ್ತಿಗೆ ಇಟ್ಟುಕೊಂಡು ಅವಳ ನೌಕೆಯನ್ನು ರಿಪೇರಿ ಮಾಡುತ್ತಾನೆ. ಅದು ಬಾವಿಯ ತಳದಲ್ಲಿ ಸರಿಯಾಗಿ ನಿಲ್ಲುತ್ತದೆ. ಇನ್ನು ಅವಳು ಹಗ್ಗ ಹಿಡಿದು ಬಾವಿಗಿಳಿದು ಹೋಗಬೇಕೋ, ಇಲ್ಲೇ ಇರಬೇಕೋ. ಅವಳನ್ನು ಸಾಕಿದ ಆ ಮನೆಯ ಅಜ್ಜಿ ಕಂದೀಲು ಹಿಡಿದು ಬಾವಿಯ ಹತ್ತಿರ ಬರುತ್ತಾಳೆ.

ಅಷ್ಟರಲ್ಲಿ ಅಜ್ಜ ಕೈಗಡಿಯಾರ ನೋಡಿದರು. ಆ ಸಿನಿಮಾದ ರೀಲುಗಳು ಇನ್ನೊಂದು ಥಿಯೇಟರಿನಿಂದ ಸೈಕಲ್ಲಿನ ಮೇಲೆ ಬರುತ್ತಿದ್ದವು, ಆಟ ತಡವಾಗಿತ್ತು. ಕುರುಗೋಡಿನ ಕಡೇ ಬಸ್ಸು ಹೊರಡುವ ಹೊತ್ತು. ನಿಮ್ಮ ಅವ್ವನನ್ನು ಎತ್ತಿಕೊಂಡು ಕತ್ತಲಲ್ಲಿ ಮಂದಿಯ ಕಾಲು ತುಳಿದು ಹೊರಗೆ ಓಡಿದೆವು. ಬಸ್ಸು ಸಿಕ್ಕಿತು. ದಾರಿಯ ಕೊಳಗಲ್ಲು ದಾಟಿದ ಮೇಲೂ ನಿಮ್ಮ ಅವ್ವ ಅಳುತ್ತಿದ್ದಳು.

"ಆ ಮುದುಕಿ ಹೋದ್ಲಾ, ಇದ್ಲಾ ಅಪ್ಪಾ?"

"ನಾಳೆ ಹೇಳ್ತೀನಿ, ಮಲಕ್ಕೋ."

ಆ ನಾಳೆ ಏಳೆಂಟು ವರ್ಷ ನಡೆಯಿತು. ದಿನಕ್ಕೊಂದು ಕೊನೆ ಕಟ್ಟುತ್ತಿದ್ದರು. ಒಂದು ದಿನ ಮುದುಕಿ ಹೋಗಿ ತನ್ನ ಮೊಮ್ಮಕ್ಕಳನ್ನು ಕರೆದುಕೊಂಡು ಬಂದಳು. ಇನ್ನೊಂದು ದಿನ ನೌಕೆಯನ್ನು ನೀರು ಕಾಯಿಸುವ ಹಂಡೆ ಮಾಡಿಕೊಂಡಳು. ಮಗಳು ನಗುತ್ತಿದ್ದಳು. ಆದರೆ ಅವರಿಗೇ ನಿಜವಾದ ಕೊನೆ ಬೇಕಿತ್ತು. "ರಿಪೇರಿ ಮಾಡಿ ಕೊಟ್ಟ ಮ್ಯಾಲೆ ವಸ್ತು ನಡೀತೋ ಇಲ್ಲೋ ಗೊತ್ತಾಗಬೇಕಲ್ಲ" ಎಂದು ನನ್ನ ಹತ್ತಿರ ಅನ್ನುತ್ತಿದ್ದರು.

ಆಮೇಲೆ ಅವರ ಕಣ್ಣಿಗೆ ತೊಂದರೆ ಬಂತು. ನೋಟ ಸುತ್ತಲಿಂದ ಕಿರಿದಾಗುತ್ತ ಬರುವ ಕಾಯಿಲೆ. ಕೊಳವೆಯೊಳಗಿಂದ ನೋಡಿದಂತೆ ನಡುವಿನದಷ್ಟೇ ಕಾಣುತ್ತದೆ. ಭೂತಗನ್ನಡಿಯಲ್ಲಿ ನೋಡುವ ಮನುಷ್ಯನಿಗೆ ನಡುವಿನದೇ ಸಾಕು, ಅದಕ್ಕೆ ಅವರಿಗೆ ತಿಳಿಯುವುದೇ ತಡವಾಯಿತು. ಬೀದಿಯಲ್ಲಿ ಸೈಕಲ್ಲು, ಎಮ್ಮೆ ಹಾಯತೊಡಗಿದ ಮೇಲೆ ಬಳ್ಳಾರಿಯ ಡಾಕ್ಟರ ಹತ್ತಿರ ಹೋದೆವು. ಹೋದ ನೋಟ ತಿರುಗಿ ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು ಎಂದರು. ಅಜ್ಜ ಮನೆಗೆ ಬಂದು ಚಪ್ಪಲಿ ಬಿಡುತ್ತ, "ಆ ಸಿನಿಮಾದ ಕಡೀ ನೋಡಬೇಕಿತ್ತಲೇ" ಎಂದರು. ಬೇರೆ ಏನೂ ಕೇಳಲಿಲ್ಲ. ನಿಮ್ಮ ಅವ್ವನ ಮದುವೆ, ಅಂಗಡಿ, ಯಾವುದೂ ಅವರ ಬಾಯಲ್ಲಿ ಬರಲಿಲ್ಲ.

ನನ್ನ ಮೈದುನ, ಎಂದರೆ ಅಜ್ಜನ ತಮ್ಮ, ಆಗ ದುಬೈಯಲ್ಲಿ ಕೆಲಸಕ್ಕಿದ್ದ. ಮನೆ ಸಿರುಗುಪ್ಪದಲ್ಲಿತ್ತು. ನಿಮ್ಮ ಅವ್ವ ಅವನಿಗೆ ಕಾಗದ ಬರೆದಳು. ಆ ವರ್ಷ ದಸರೆಗೆ ಮುಂಚೆ ರಜೆಗೆ ಬಂದವನು ತನ್ನ ಮನೆಗೆ ಟಿವಿ, ವಿಸಿಆರ್ ತಂದ. ಕುರುಗೋಡಿಗೆ ಬಂದು ಅಣ್ಣನ ಮಡಿಲಲ್ಲಿ ಈ ಡಬ್ಬಿ ಇಟ್ಟ. ಮದುವೆ ಸೀರೆಯ ಡಬ್ಬಿಯಂತೆ ಗಟ್ಟಿ ರಟ್ಟು, ಕಡುನೀಲಿ ಬಣ್ಣ, ಬೆಳ್ಳಿ ಅಕ್ಷರ. ಒಳಗೆ ಎರಡು ಕ್ಯಾಸೆಟ್ಟು, ಒಂದು ಚಿತ್ರದ ಪುಸ್ತಕ, ಇಂಥ ಡಬ್ಬಿಗಳಲ್ಲಿ ಇದು ಎಷ್ಟನೆಯದು ಎಂದು ಬರೆದ ಚೀಟಿ.

"ಇದು ಬಾಡಿಗಿ ಕ್ಯಾಸೆಟ್ ಅಲ್ಲಣ್ಣ. ಷೋಕಿ ಇದ್ದೋರು ಜೋಡಿಸಿ ಇಟ್ಟಗಳಾಕ ಅಂತನ ಮಾಡಿದ್ದು. ಅಲ್ಲಿ ಮಂದಿ ಗಾಜಿನ ಕಪಾಟಿನ್ಯಾಗ ಇಡ್ತಾರ, ಮುಟ್ಟೋದಿಲ್ಲ."

"ಮುಟ್ಟದ ಮ್ಯಾಲೆ ಸಿನಿಮಾ ಹೆಂಗ ನೋಡ್ತಾರಲೇ?"

"ಅದನ್ನ ಅವರಿಗೇ ಕೇಳಬೇಕು. ನಾ ಮಾತ್ರ ತೆಗೆದು ಒಂದ್ಸಲ ಹಾಕಿ ನೋಡೀನಿ, ಸರಿ ಐತೋ ಇಲ್ಲೋ ಅಂತ. ಕಡೀಗೆ ಬಂದಾಗ ಡ್ಯೂಟಿಗೆ ಕರೆದ್ರು, ಅಲ್ಲೇ ನಿಲ್ಲಿಸಿ ತೆಗೆದಿಟ್ಟೆ."

"ಅಂದ್ರ ನೀನೂ ಕಡೀ ನೋಡಿಲ್ಲ?"

"ಇಲ್ಲಪಾ."

ಅಜ್ಜ ಅಷ್ಟು ನಕ್ಕಿದ್ದನ್ನು ಆ ವರ್ಷದಲ್ಲಿ ನಾನು ಕಂಡಿರಲಿಲ್ಲ. "ನಮ್ಮ ಮನಿತನಕ್ಕೇ ಇದರ ಕಡೀ ಬರೆದಿಲ್ಲ ಬಿಡು" ಎಂದರು. ಹಬ್ಬ ಮುಗಿದ ಮರುದಿನ ಸಿರುಗುಪ್ಪಕ್ಕೆ ಹೋಗಿ ನೋಡುವುದೆಂದು ಗೊತ್ತಾಯಿತು.

ಆಯುಧಪೂಜೆಯ ಬೆಳಿಗ್ಗೆ ಎಂದಿನಂತೆ ಅವರ ಉಪಕರಣಗಳನ್ನು ಮಣೆಯ ಮೇಲೆ ಜೋಡಿಸಿದೆ. ಆ ಡಬ್ಬಿಯನ್ನೂ ತಂದಿಟ್ಟೆ. ಹೊಸ ವಸ್ತು ಪೂಜೆಯಿಲ್ಲದೆ ಬಳಕೆಗೆ ಹೋಗುವುದು ನಮ್ಮ ಮನೆಯಲ್ಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರ ಕಣ್ಣು ಅಷ್ಟು ದಿನ ತಾಳಲಿ ಎಂದು ಬೇಡಿಕೊಳ್ಳಲು ನನಗೆ ಬೇರೆ ದಾರಿ ಗೊತ್ತಿರಲಿಲ್ಲ. ಕ್ಯಾಸೆಟ್ಟುಗಳ ಮೇಲೆ ಮೂರು ಬೆರಳು ಎಳೆದೆ. ಆಗ ಅತ್ತೆಯವರ ಮಾತು ನೆನಪಾಯಿತು. ಇದು ಬರೀ ಹಿಡಿಕೆ, ದುಡಿಯುವ ತುದಿ ಎಲ್ಲಿದೆ? ಹಿಂದಿನ ದಿನ ಮೈದುನ ನಿಮ್ಮ ಅವ್ವನಿಗೆ ತೋರಿಸಿದ್ದು ಕಂಡಿದ್ದೆ. ಪಕ್ಕದ ಗುಂಡಿ ಒತ್ತಿ ಮುಂದಿನ ಮುಚ್ಚಳ ಎತ್ತಿದೆ. ಮೊದಲನೆಯದರಲ್ಲಿ ಶುರುವಿನ, ಚಿತ್ರವಿಲ್ಲದ ಬಿಳಿಯ ಪಟ್ಟಿ ಇತ್ತು. ಮೈದುನ ಕೊನೆಯ ಹತ್ತಿರ ನಿಲ್ಲಿಸಿದ್ದ ಎರಡನೆಯದರಲ್ಲಿ ಚಿತ್ರವಿರುವ ಕಪ್ಪು ಪಟ್ಟಿ ಹೊಳೆಯುತ್ತಿತ್ತು. ಎರಡಕ್ಕೂ ಒದ್ದೆ ವಿಭೂತಿ ಹಚ್ಚಿದೆ. ಕಪ್ಪಿನ ಮೇಲೆ ಅದು ಬಹಳ ಚೆಂದ ಕಂಡಿತು.

ಸಿರುಗುಪ್ಪದಲ್ಲಿ ಎಲ್ಲರೂ ಟಿವಿಯ ಮುಂದೆ ಕೂತರು. ಮೈದುನನೆದುರು ಕೂರುವ ರೂಢಿ ನನಗಿರಲಿಲ್ಲ, ಅಡುಗೆಮನೆಯ ಹೊಸ್ತಿಲ ಒಳಗಿನಿಂದ ನೋಡಿದೆ. ಅಜ್ಜ ಮಾರುದೂರದಲ್ಲಿ ಕೂತು ತಲೆಯನ್ನು ಮೆಲ್ಲಗೆ ಆಚೆ ಈಚೆ ತಿರುಗಿಸುತ್ತ, ತುಂಡು ತುಂಡಾಗಿ ಪರದೆಯನ್ನು ನೋಡುತ್ತಿದ್ದರು. ಮೊದಲನೆಯ ಕ್ಯಾಸೆಟ್ಟು ಸ್ವಲ್ಪ ನಡುಗಿ ಸರಿಹೋಯಿತು. ಎರಡನೆಯದನ್ನು ಮೈದುನ ಶುರುವಿನಿಂದ ಬರುವಂತೆ ಹಿಂದಕ್ಕೆ ಸುತ್ತಿ ಹಾಕಿದ. ನೌಕೆ ಸರಿಯಾಯಿತು. ಅಜ್ಜಿ ಕಂದೀಲು ಹಿಡಿದು ಬಂದಳು. ನಕ್ಷತ್ರದ ಮುದುಕಿ ಬಾವಿಯ ಕಟ್ಟೆಯ ಮೇಲೆ ನಿಂತು ಹಗ್ಗಕ್ಕೆ ಕೈಯಿಟ್ಟಳು.

ಮಷೀನು ಗರಗರ ಎಂದಿತು. ಪರದೆಯ ತುಂಬ ಉಪ್ಪು ಚೆಲ್ಲಿದಂತಾಯಿತು. ಮೈದುನ ಓಡಿಹೋಗಿ ನಿಲ್ಲಿಸಿದ. ಹೊರಗೆ ತೆಗೆದಾಗ ಕ್ಯಾಸೆಟ್ಟಿನ ಬಾಯಿಂದ ಟೇಪು ಮುದುಡಿಕೊಂಡು ಜೋತಾಡುತ್ತಿತ್ತು. ಅಜ್ಜ ಅದನ್ನು ಬೆರಳಲ್ಲಿ ಹಿಡಿದು ಮೂಗಿನ ಹತ್ತಿರ ಒಯ್ದರು. "ವಿಭೂತಿ" ಎಂದರು.

ಮೈದುನ ಬಾಗಿಲ ಕಡೆ ತಿರುಗಿದ. "ಅತ್ತಿಗೆಮ್ಮ, ನನ್ನ ಮಷೀನಿಗೂ ಮೂರು ಬಟ್ಟು ಹಚ್ಚಿಬಿಡ್ರಿ, ಅದಕ್ಕೂ ಮೋಕ್ಷ ಸಿಗಲಿ." ಅವನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ನಿಂತಲ್ಲೇ ನೆಲದೊಳಗೆ ಇಳಿದುಹೋದರೆ ಸಾಕಾಗಿತ್ತು. ಅಜ್ಜ ಬೈಯಲಿಲ್ಲ. ಬಸ್ಸಿನಲ್ಲಿ ಒಂದೇ ಮಾತು ಆಡಿದರು: "ದುಡಿಯೋ ತುದೀಗೇ ಹಚ್ಚೀಯಲ್ಲ, ನಮ್ಮವ್ವ ಕೇಳಿದ್ರ ಮೆಚ್ಚತಿದ್ಲು." ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

ಮಷೀನು ಬಳ್ಳಾರಿಗೆ ರಿಪೇರಿಗೆ ಹೋಯಿತು, ಬರುವುದು ತಿಂಗಳುಗಟ್ಟಲೆ ತಡವಾಯಿತು. ಮೈದುನ ದುಬೈಗೆ ತಿರುಗಿದ. ಆ ನಡುವೆ ಒಂದು ಮಧ್ಯಾಹ್ನ ಅಜ್ಜ ಅಂಗಡಿಯ ಮೇಜಿನ ಮುಂದೆ ತಮ್ಮ ಜಾಗದಲ್ಲಿ ನನ್ನನ್ನು ಕೂರಿಸಿದರು. ಬೀದಿಗೆ ಮುಖ ಮಾಡಿ ಕೂತದ್ದು ಅದೇ ಮೊದಲು. "ಯಾರೂ ನೋಡೋದಿಲ್ಲ, ಕೈಯಾಗಿನ ಕೆಲಸ ನೋಡು" ಎಂದರು. ಕ್ಯಾಸೆಟ್ಟಿನ ಬೆನ್ನಿನ ಐದು ಸ್ಕ್ರೂಗಳನ್ನು ನನ್ನಿಂದಲೇ ಬಿಚ್ಚಿಸಿದರು. ಮುದುಡಿದ ಭಾಗ ಒಂದು ಮೊಳದಷ್ಟಿತ್ತು. ಅವರು ಹಿಂದೆ ನಿಂತು ನನ್ನ ಹೆಬ್ಬೆರಳಿನ ಮೇಲೆ ತಮ್ಮ ಹೆಬ್ಬೆರಳು ಇಟ್ಟರು, ನಾನು ಕತ್ತರಿಸಿದೆ. ಎರಡು ತುದಿಗಳನ್ನು ಸೇರಿಸಿ ತೆಳ್ಳಗೆ ಅಂಟುಪಟ್ಟಿ ಹಚ್ಚಿದೆ. "ನಿನ್ನ ಕೈ ನಡುಗೋದಿಲ್ಲ. ಮೊದಲೇ ಗೊತ್ತಿದ್ರ ಅಂಗಡ್ಯಾಗ ಕೂಡ್ರಿಸ್ತಿದ್ದೆ" ಎಂದರು. ಅಂದು ಅವರಿಗೆ ಸ್ಕ್ರೂ ಕಾಣುತ್ತಿರಲಿಲ್ಲ ಎಂಬುದು ನನಗೆ ಅವರು ಬೆರಳಿನಿಂದ ಹುಡುಕಿದಾಗ ತಿಳಿಯಿತು.

ಯುಗಾದಿಯ ಹೊತ್ತಿಗೆ ಮಷೀನು ಬಂತು. ಆಗ ಅವರಿಗೆ ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟೇ ಉಳಿದಿತ್ತು. ಆದರೂ ಸಿರುಗುಪ್ಪಕ್ಕೆ ಹೋಗೋಣ ಎಂದರು. ಮೈದುನನ ಹೆಂಡತಿ ಕ್ಯಾಸೆಟ್ಟು ಹಾಕಿ ಹಿತ್ತಲಿಗೆ ಹೋದಳು. ನಾವಿಬ್ಬರೇ. ನಾನು ಅವರ ಪಕ್ಕದಲ್ಲೇ ಕೂತೆ.

ಅಜ್ಜಿ ಕಂದೀಲು ಹಿಡಿದು ಬಂದಳು. ಮುದುಕಿ ಹಗ್ಗಕ್ಕೆ ಕೈಯಿಟ್ಟಳು. ಅಲ್ಲಿ ನಾನು ಹಚ್ಚಿದ ಅಂಟುಪಟ್ಟಿ ದಾಟಿತು, ಪರದೆ ಒಮ್ಮೆ ಮಿಡುಕಿತು. ಆಮೇಲೆ ಖಾಲಿ ಅಂಗಳ. ಹಗ್ಗ ಅಲುಗಾಡುತ್ತಿದೆ, ರಾಟೆ ಕಿರ್ರೆನ್ನುತ್ತಿದೆ. ಕಟ್ಟೆಯ ಮೇಲೆ ಯಾರೂ ಇಲ್ಲ. ಕಂದೀಲು ನೆಲದ ಮೇಲಿದೆ. ಅಷ್ಟೇ, ಹೆಸರುಗಳು ಬರತೊಡಗಿದವು.

"ಏನಾತು?" ಎಂದು ಕೇಳಿದರು. ನನ್ನ ಕಡೆ ತಿರುಗಿದ್ದರು, ಆದರೆ ಕಣ್ಣು ನನ್ನ ಭುಜದಾಚೆ ನಿಂತಿತ್ತು.

ಆ ಒಂದು ಮೊಳದಲ್ಲಿ ಏನಿತ್ತೋ ನನಗೇನು ಗೊತ್ತು? ಹೋಗಿರಬಹುದು. ಖಾಲಿ ಅಂಗಳ ನೋಡಿದರೆ ಹೋದಂತೆಯೇ ಇತ್ತು.

"ಇದ್ದುಬಿಟ್ಲು ರೀ" ಎಂದೆ. "ಒಳಗ ಬಂದು ಒಲಿ ಮುಂದ ಕುಂತಾಳ."

"ರಾಟಿ ಸಪ್ಪಳ ಕೇಳಸ್ತಲ್ಲ?"

"ಆ ಮನಿ ಅಜ್ಜಿ ನೀರು ಸೇದಾಕ ಹತ್ಯಾಳ. ಆಕಿಗೆ ಕಾಲು ತೊಳಿಯಾಕ."

 ಗಡಿಯಾರದ ಸಪ್ಪಳ ಕೇಳಿಯೇ ಒಳಗಿನ ಯಾವ ಚಕ್ರ ಸವೆದಿದೆ ಎಂದು ಹೇಳುತ್ತಿದ್ದ ಮನುಷ್ಯ ಅವರು. ನೀರು ತುಂಬಿದ ಕೊಡ ಮೇಲೆ ಬರುವಾಗ ರಾಟೆ ಹೇಗೆ ಕೂಗುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲವೇ? "ಛಲೋ ಆತು ಬಿಡು" ಎಂದರು. ಎದ್ದು ನಿಂತು ನನ್ನ ಹೆಗಲ ಮೇಲೆ ಕೈ ಇಟ್ಟರು. ಹಾಗೆ ಅವರು ಹೊರಗೆಲ್ಲೂ ನನ್ನನ್ನು ಹಿಡಿದುಕೊಂಡು ನಡೆದಿರಲಿಲ್ಲ. ಬಸ್ ನಿಲ್ದಾಣದವರೆಗೂ ಕೈ ತೆಗೆಯಲಿಲ್ಲ.

ಆಮೇಲೆ ಅವರು ಬೇರೆ ಕೊನೆ ಕಟ್ಟಲಿಲ್ಲ. ಅದನ್ನೇ ಹೇಳಿದರು, ಕಾಲು ತೊಳೆಯುವ ನೀರಿನ ಸಮೇತ. ನಿಮ್ಮ ಅವ್ವನಿಗೆ ಹೇಳಿದ್ದು ಅದು, ನಿಮ್ಮ ಅವ್ವ ನಿಮಗೆ ಹೇಳಿದ್ದೂ ಅದೇ.

ಎರಡು ವರ್ಷಗಳ ನಂತರ ಮೈದುನ ಎರಡನೆಯ ಡಬ್ಬಿ ತಂದ. ಅದೇ ಸಿನಿಮಾ, ಇನ್ನೂ ದೊಡ್ಡ ಡಬ್ಬಿ, ಸುತ್ತಿದ ಪ್ಲಾಸ್ಟಿಕ್ ಸಹಿತ. "ಈ ಸಲ ನಾ ತೆಗದಿಲ್ಲ. ಕಡೀತನಕ ಸರಿ ಐತಿ. ಅತ್ತಿಗೆಮ್ಮ, ನೀವು ಮಾತ್ರ ದೂರ ಇರ್ರಿ" ಎಂದ. ಅಜ್ಜ ಆ ಹಾಳೆಯ ಮೇಲೆ ಹೆಬ್ಬೆರಳು ಆಡಿಸಿದರು. ನನ್ನ ಕೈಗೆ ಕೊಟ್ಟು, "ಇದು ಹಿಂಗ ಇರಲಿ. ನಮಗ ಗೊತ್ತೈತಲ್ಲ" ಎಂದರು. ಟ್ರಂಕಿನಲ್ಲಿ ಇಟ್ಟೆ. ಅವರು ಹೋದ ಮೇಲೂ ತೆಗೆಯಲಿಲ್ಲ. ಪುಟ್ಟೀ, ನೀನು ಕೇಳಿದ್ದಕ್ಕೆ ಉತ್ತರ ಇಷ್ಟು.

ನೀವು ತೆಗೆಯಬೇಡಿರೆಂದು ನಾನು ಹೇಳುವುದಿಲ್ಲ, ಸಿನಿಮಾ ನೋಡಲಿಕ್ಕೇ ಇರುವುದು. ನೋಡಿದರೆ ನನಗೆ ಹೇಳಬೇಡಿರಿ, ಅಷ್ಟೇ. ನಾನು ಕತ್ತರಿಸಿದ ಆ ಒಂದು ಮೊಳ ಟೇಪನ್ನು ಎಸೆದಿರಲಿಲ್ಲ. ಅದನ್ನು ಸುರುಳಿ ಮಾಡಿ ಈ ಕೊನೆಯ ಹಾಳೆಯ ಮಡಿಕೆಯಲ್ಲಿ ಇಟ್ಟಿದ್ದೇನೆ. ನನ್ನ ಮೂರು ಬೆರಳಿನ ಗುರುತು ಇನ್ನೂ ಇದೆ. ಜೋರಾಗಿ ಬಿಡಿಸಿದರೆ ಉದುರಿಹೋದೀತು. ಒದ್ದೆ ಕೈಯಲ್ಲಿ ಮುಟ್ಟದೆ, ಇರುವೆ ಗೆದ್ದಲು ಬಾರದ ಕಡೆ, ಈ ಹಾಳೆಗಳನ್ನು ಜೋಪಾನವಾಗಿ ಇಡಿರಿ.