‘ನಿನ್ನೆ ಯಾವುದಕ್ಕೆ ಬೈದೆ?’ ಎನ್ನುವ ಗೇಟಕ್ಕ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಡಿಪೋದ ಗೇಟಿನಲ್ಲಿ ಬಸ್ಸುಗಳು ಒಂದರ ಬೆನ್ನಿಗೊಂದು ನಿಂತು ಹೊಗೆ ಉಗುಳುತ್ತಿವೆ. ಅಡ್ಡಕಂಬಿಯ ಹಗ್ಗ ಹಿಡಿದು ನಿಂತ ಹೆಂಗಸು ಮೊದಲ ಬಸ್ಸಿನ ಡ್ರೈವರನ್ನು ಕೇಳುತ್ತಾರೆ.

“ನಿನ್ನೆ ಯಾವುದಕ್ಕೆ ಬೈದೆ?”

“ಆ ವೈಪರ್‌ಗೆ ಅಕ್ಕಾ. ಒರೆಸೋದು ಬಿಟ್ಟು ಬರೀ ಕಿರ್ ಅನ್ನುತ್ತೆ.”

“ಪಕ್ಕಕ್ಕೆ ಹಾಕು. ಮೆಕ್ಯಾನಿಕ್ ಬರ್ತಾನೆ.”

ಡಿಪೋಗೆ ಡಿಪೋನೇ ಇವರನ್ನು ಗೇಟಕ್ಕ ಎನ್ನುತ್ತದೆ. ಗಾಡಿ ಹೊರಗೆ ಬಿಡುವ ಮೊದಲು ‘ಸರಿ ಇದೆಯಾ?’ ಎಂದು ವಿಚಾರಿಸಬೇಕು ಎಂಬುದು ನಿಯಮ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಆ ನಿಯಮದ ಮಾತೆತ್ತಿದರೆ ಗೇಟಕ್ಕನ ಮೈ ಉರಿಯುತ್ತದೆ.

“ಸರಿ ಇದೆಯಾ ಅಂದ್ರೆ ಎಲ್ಲರೂ ಸರಿ ಇದೆ ಅಂತಾರೆ. ಚಕ್ರ ಕಳಚಿ ಕೈಗೆ ಬಂದಿದ್ರೂ ಹಾಗೇ ಅಂತಾರೆ. ಯಾವುದಕ್ಕೆ ಬೈದೆ ಅಂತ ಕೇಳಿ ನೋಡಿ, ಬಾಯಿ ಮುಚ್ಚಲ್ಲ. ಇದರಲ್ಲಿ ಬರೆಯೋಂಥದ್ದೇನಿದೆ?”

ಇವರು ಮೊದಲು ಕಂಡಕ್ಟರ್ ಆಗಿದ್ದವರು. ಒಂದು ತಿರುವಿನಲ್ಲಿ ಬಸ್ಸು ಗೋಡೆಗೆ ಗುದ್ದಿ ಇವರ ಮಂಡಿಚಿಪ್ಪು ಒಡೆಯಿತು. ತಲೆಗೆ ಪಟ್ಟಿ ಕಟ್ಟಿಕೊಂಡೇ ಆಸ್ಪತ್ರೆಗೆ ನೋಡಲು ಬಂದ ಡ್ರೈವರ್ ಆಗ ಬಾಯಿಬಿಟ್ಟನಂತೆ: ಬ್ರೇಕು ವಾರದಿಂದ ಮೆತ್ತಗಿತ್ತು, ಹೇಳಿದರೆ ಟ್ರಿಪ್ಪು ತಪ್ಪುತ್ತದೆ, ಸಾಹೇಬರು ಮುಖ ಸಿಂಡರಿಸುತ್ತಾರೆ ಎಂದು ಸುಮ್ಮನಿದ್ದೆ. “ಒಳ್ಳೆ ಮನುಷ್ಯ ಪಾಪ,” ಎಂದು ಗೇಟಕ್ಕ ಹಲ್ಲು ಕಡಿಯುತ್ತಾರೆ. “ಈ ಒಳ್ಳೆಯವರದ್ದೇ ದೊಡ್ಡ ಕಾಟ.”

ಶಾಲೆ ಕಾಲೇಜುಗಳಲ್ಲಿ ನಮಗೆ ಏನೇನೋ ಕಲಿಸಿದರು. ಕೆಲಸದ ಜಾಗದಲ್ಲಿ ‘ಇದು ಕೆಟ್ಟಿದೆ’ ಎಂದು ಬಾಯಿಬಿಟ್ಟು ಹೇಳುವುದನ್ನು ಮಾತ್ರ ಯಾರೂ ಕಲಿಸಲಿಲ್ಲ. ನಮ್ಮ ಕಚೇರಿಯ ಲಿಫ್ಟು ಎಷ್ಟೋ ದಿನದಿಂದ ಗಡಗಡ ನಡುಗುತ್ತಿದೆ. ನಾನೂ ಸೇರಿ ಎಲ್ಲರೂ ಉಸಿರು ಬಿಗಿಹಿಡಿದು ಹತ್ತಿ ಇಳಿಯುತ್ತೇವೆ. ಓದಿದವರ ಹಣೆಬರಹ!

ಗೇಟಕ್ಕನ ಪ್ರಶ್ನೆಗೂ ಬಗ್ಗದವನು ಡಿಪೋದಲ್ಲಿ ಒಬ್ಬನೇ, ಅವರ ಸ್ವಂತ ಅಳಿಯ. ಮದುವೆಯಾಗಿ ವರ್ಷ ತುಂಬಿಲ್ಲ. ತರಬೇತಿ ಮುಗಿಸಿ ಇಲ್ಲಿಗೇ ಡ್ರೈವರಾಗಿ ಬಂದಿದ್ದಾನೆ. ಅತ್ತೆಯೆದುರು ತಲೆ ಎತ್ತುವುದಿಲ್ಲ, ಇನ್ನು ಬೈಯುವ ಮಾತೆಲ್ಲಿ ಬಂತು? ಈಗ ಅವನ ಬಸ್ಸಿನ ಸರದಿ.

“ಯಾವುದಕ್ಕೆ ಬೈದ್ರಿ?”

“ಏನಿಲ್ಲ ಅತ್ತೆ. ಎಲ್ಲಾ ಚೆನ್ನಾಗಿದೆ.”

“ರಾತ್ರಿ ಊಟ ಬೇಡ ಅಂದ್ರಂತೆ. ಮಗಳು ಹೇಳಿದ್ಲು.”

“ಹಸಿವಿರಲಿಲ್ಲ ಅತ್ತೆ.”

ಹಿಂದಿನ ಬಸ್ಸುಗಳು ಹಾರ್ನ್ ಹೊಡೆಯುತ್ತಿವೆ. ಗೇಟಕ್ಕ ಕಂಬಿ ಎತ್ತುವುದಿಲ್ಲ.

“ಈ ಮಂಡಿ ನೋಡಿ. ಒಬ್ಬ ಒಳ್ಳೆಯವನು ಸುಮ್ನಿದ್ದಿದ್ದಕ್ಕೆ ಹೀಗಾಗಿದ್ದು. ನಾಳೆ ನನ್ನ ಮಗಳು ಆಸ್ಪತ್ರೆ ಬಾಗಿಲು ಕಾಯೋದು ಬೇಡ. ಇಲ್ಲಿ ನಾನು ಅತ್ತೆ ಅಲ್ಲ. ಬೈರಿ.”

ಅಳಿಯ ಸ್ಟೇರಿಂಗ್ ನೋಡುತ್ತ ಗೊಣಗುತ್ತಾನೆ. “ಬ್ರೇಕು ಸ್ವಲ್ಪ ಆಳಕ್ಕೆ ಹೋಗುತ್ತೆ.”

“ಸ್ವಲ್ಪಾನಾ?”

“ಇಲ್ಲ ಅತ್ತೆ. ಜಾಸ್ತಿನೇ.”

ಬಸ್ಸು ಪಕ್ಕಕ್ಕೆ ಸರಿಯುತ್ತದೆ. ಅದರಡಿ ನುಸುಳಿ ಹೊರಬಂದ ಮೆಕ್ಯಾನಿಕ್, ಬ್ರೇಕ್ ಆಯಿಲ್ ಸೋರುತ್ತಿದೆ, ಇದನ್ನು ರಸ್ತೆಗೆ ಬಿಡುವ ಹಾಗೇ ಇಲ್ಲ ಎನ್ನುತ್ತಾನೆ. ಗೇಟಕ್ಕ ಸ್ಟೂಲಿನ ಮೇಲೆ ಕುಸಿದು ಕೂರುತ್ತಾರೆ.

ಸ್ವಲ್ಪ ಸುಧಾರಿಸಿಕೊಂಡ ಮೇಲೆ, ನಿಮ್ಮ ಆಸೆ ಏನು ಎಂದು ಕೇಳುತ್ತೇನೆ.

“ಕೇಳದೇ ಹೇಳ್ಬೇಕು, ಅಷ್ಟೇ. ಒಬ್ಬೊಬ್ಬರ ಬಾಯಿಗೂ ಕೈ ಹಾಕಿ ಮಾತು ತೆಗೆದು ತೆಗೆದು ಸಾಕಾಗಿದೆ ನನಗೆ.”

ಮಧ್ಯಾಹ್ನ ಅಳಿಯ ಬೇರೊಂದು ಬಸ್ಸು ಓಡಿಸಿಕೊಂಡು ವಾಪಸು ಬರುತ್ತಾನೆ. ಗೇಟಿನಲ್ಲಿ ತಾನಾಗಿಯೇ ನಿಲ್ಲಿಸಿ ತಲೆ ಹೊರಗೆ ಹಾಕುತ್ತಾನೆ.

“ಈ ಗಾಡಿ ಸೀಟು ಬೆನ್ನು ಮುರಿಯುತ್ತೆ ಅತ್ತೆ. ಕನ್ನಡಿ ಅಲ್ಲಾಡುತ್ತೆ. ಮತ್ತೆ, ಬೆಳಗ್ಗೆ ನೀವು ಎಲ್ಲರೆದುರು ನನ್ನ ಮಾನ ಕಳೆದ್ರಿ. ದಾರಿಯುದ್ದಕ್ಕೂ ಅದಕ್ಕೂ ಬೈದೆ.”

ಬೆಳಗ್ಗಿನಿಂದ ಮುಖ ಗಂಟಿಕ್ಕಿಕೊಂಡೇ ಇದ್ದ ಗೇಟಕ್ಕ ಕಂಬಿ ಎತ್ತುತ್ತ ನನ್ನ ಕಡೆ ತಿರುಗುತ್ತಾರೆ.

“ಅಳಿಯ ಕೇಳದೇನೇ ಹೇಳಿದ್ರು. ಇದನ್ನ ಬರ್ಕೊಳ್ಳಿ.”